ಸಿಪ್ಯಾಪ್ ಮಾಸ್ಕ್ ಹಾಕಿದರೆ ಉಸಿರು ಕಟ್ಟಿದ ಹಾಗಾಗುತ್ತದೆ, ಮಷೀನ್ ವಾಪಸ್ ಕೊಡಲಾ?

ಓದುಗರ ಪ್ರಶ್ನೆಗಳಿಗೆ ಶಿವಮೊಗ್ಗದ ಶ್ವಾಸಕೋಶ ತಜ್ಞರ ಉತ್ತರ

ಪ್ರಶ್ನೆ: ಡಾಕ್ಟ್ರೇ, ನನಗೆ 54 ವರ್ಷ. ತೀರ್ಥಹಳ್ಳಿ ಹತ್ತಿರ ಅಡಿಕೆ ತೋಟ ಇದೆ. ರಾತ್ರಿ ಜೋರು ಗೊರಕೆ, ಹಗಲು ಕೂತಲ್ಲೇ ತೂಕಡಿಕೆ. ಸ್ಲೀಪ್ ಸ್ಟಡಿ (ನಿದ್ದೆಯಲ್ಲಿ ಉಸಿರಾಟ ನೋಡುವ ಪರೀಕ್ಷೆ) ಮಾಡಿಸಿದಾಗ ಗಂಟೆಗೆ 38 ಸಲ ಉಸಿರಿಗೆ ತಡೆಯಾಗುತ್ತದೆ ಅಂತ ಬಂತು. ಮಾಸ್ಕ್ ಮೂಲಕ ಒತ್ತಡದ ಗಾಳಿ ಕೊಡುವ ಸಿಪ್ಯಾಪ್ ಮಷೀನ್ ತಂದು ಮೂರು ವಾರ ಆಯಿತು. ಮಾಸ್ಕ್ ಹಾಕಿದ ಕೂಡಲೇ ಉಸಿರು ಕಟ್ಟಿದ ಹಾಗಾಗುತ್ತದೆ. ಹೇಗೋ ನಿದ್ದೆ ಹತ್ತಿದರೂ ಬೆಳಗ್ಗೆ ಎದ್ದು ನೋಡಿದರೆ ಮಾಸ್ಕ್ ದಿಂಬಿನ ಪಕ್ಕ ಬಿದ್ದಿರುತ್ತದೆ. ಕಣ್ಣಿಗೆ ಗಾಳಿ ಹೊಡೆಯುತ್ತದೆ. ಕೆಲವು ರಾತ್ರಿ ಪೈಪಿನಿಂದ ಮೂಗಿಗೆ ನೀರೂ ಬರುತ್ತದೆ. ಇದು ನನಗೆ ಆಗಿಬರುವುದಿಲ್ಲ ಅನಿಸುತ್ತಿದೆ. ವಾಪಸ್ ಕೊಡಲಾ?

ಉತ್ತರ: ಕೊಡಬೇಡಿ. ನೀವು ಹೇಳಿದ ನಾಲ್ಕು ತೊಂದರೆಗೂ ಬೇರೆ ಬೇರೆ ಕಾರಣ ಇದೆ, ನಾಲ್ಕೂ ಸರಿ ಮಾಡುವಂಥವೇ. ಎಲ್ಲವನ್ನೂ ಒಟ್ಟು ಮಾಡಿ ‘ಆಗಿಬರಲ್ಲ’ ಅಂದುಬಿಟ್ಟರೆ ಒಂದೂ ಸರಿಯಾಗುವುದಿಲ್ಲ.

ಗಂಟೆಗೆ 30ಕ್ಕಿಂತ ಜಾಸ್ತಿ ಸಲ ಉಸಿರಿಗೆ ತಡೆಯಾದರೆ ಅದು ತೀವ್ರ ಸ್ಲೀಪ್ ಅಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ ಕಾಯಿಲೆ. ನಿದ್ದೆಯಲ್ಲಿ ಗಂಟಲಿನ ಸ್ನಾಯು ಸಡಿಲವಾಗಿ ಗಾಳಿಯ ದಾರಿ ಮುಚ್ಚಿಕೊಳ್ಳುತ್ತದೆ. ಮಷೀನ್ ಗಾಳಿಯ ಒತ್ತಡದಿಂದ ಆ ದಾರಿಯನ್ನು ತೆರೆದಿಡುತ್ತದೆ, ಅಷ್ಟೇ. ಅದು ನಿಮ್ಮ ಬದಲು ಉಸಿರಾಡುವುದಿಲ್ಲ, ಆಕ್ಸಿಜನ್ನೂ ಕೊಡುವುದಿಲ್ಲ.

ಮೊದಲು ಉಸಿರು ಕಟ್ಟುವ ವಿಷಯ. ಮಷೀನಿನಲ್ಲಿ ‘ರ‍್ಯಾಂಪ್’ ಅಂತ ಒಂದು ಸೆಟ್ಟಿಂಗ್ ಇರುತ್ತದೆ. ಒತ್ತಡ ಕಡಿಮೆಯಿಂದ ಶುರುವಾಗಿ ನಿಧಾನಕ್ಕೆ ಏರುತ್ತದೆ. ಸಾಮಾನ್ಯವಾಗಿ 4ರಿಂದ ಶುರು (ಇದು ಒತ್ತಡದ ಅಳತೆ, ಸೆಂ.ಮೀ. ನೀರಿನ ಲೆಕ್ಕದಲ್ಲಿ). ಒತ್ತಡ ಕಡಿಮೆ ಇದ್ದಷ್ಟೂ ಹಿತ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ದೊಡ್ಡ ಮೈಕಟ್ಟಿನವರಿಗೆ 4ರಲ್ಲಿ ಗಾಳಿ ಸಾಲುವುದೇ ಇಲ್ಲ, ಅದಕ್ಕೇ ಉಸಿರು ಕಟ್ಟಿದ ಹಾಗಾಗುತ್ತದೆ! ಶುರುವಿನ ಒತ್ತಡವನ್ನು 6ಕ್ಕೋ 7ಕ್ಕೋ ಏರಿಸಿದರೆ ಕೆಲವರಿಗೆ ಆವತ್ತೇ ಸಲೀಸಾಗುತ್ತದೆ. ಇನ್ನು ಕೆಲವರಿಗೆ ಉಸಿರು ಬಿಡುವಾಗ ಕಷ್ಟ. ಬಿಡುವಾಗ ಮಾತ್ರ ಒತ್ತಡ ತಗ್ಗಿಸುವ ಸೆಟ್ಟಿಂಗೂ ಇದೆ. ನಿಮಗೆ ಒಳಗೆ ಎಳೆಯುವಾಗ ಕಷ್ಟವೋ, ಹೊರಗೆ ಬಿಡುವಾಗಲೋ? ಇದನ್ನು ಗಮನಿಸಿ ನಿಮ್ಮ ಡಾಕ್ಟರಿಗೆ ಹೇಳಿ. ಒತ್ತಡವನ್ನು ನೀವೇ ಬದಲಾಯಿಸಲು ಹೋಗಬೇಡಿ.

ಜೊತೆಗೆ ಹಗಲಲ್ಲಿ ರೂಢಿ ಮಾಡಿಕೊಳ್ಳಿ. ಸಂಜೆ ಟಿ.ವಿ. ನೋಡುವಾಗ ಮಷೀನ್ ಆನ್ ಮಾಡಿ, ಮಾಸ್ಕ್ ಹಾಕಿಕೊಂಡು ಅರ್ಧ ಗಂಟೆ ಕೂರಿ. ಮನೆಯವರು ನಗಬಹುದು, ನಗಲಿ ಬಿಡಿ. ಎಚ್ಚರದಲ್ಲೇ ಗಾಬರಿ ಹುಟ್ಟಿಸುವ ವಸ್ತುವನ್ನು ಹಾಕಿಕೊಂಡು ನಿದ್ದೆ ಮಾಡು ಅಂದರೆ ಮೈ ಕೇಳುವುದಿಲ್ಲ, ಅಲ್ವಾ?

ಕಣ್ಣಿಗೆ ಗಾಳಿ ಹೊಡೆಯುವುದು ಲೀಕ್. ಆಗ ಎಲ್ಲರೂ ಮಾಡುವುದು ಒಂದೇ: ಸ್ಟ್ರ್ಯಾಪ್ ಎಳೆದು ಬಿಗಿ ಮಾಡುವುದು. ಅದರಿಂದ ಲೀಕ್ ಜಾಸ್ತಿಯಾಗಬಹುದು, ಮೂಗಿನ ಮೇಲೆ ಗಾಯವೂ ಆಗುತ್ತದೆ. ಮಾಸ್ಕಿನ ಕುಶನ್‌ಗೆ ಗಾಳಿ ತುಂಬಿ ಉಬ್ಬಲು ಜಾಗ ಬೇಕು. ಅಂಗಡಿಯಲ್ಲಿ ಕೂತು ಹಾಕಿ ನೋಡಿದ ಮಾಸ್ಕ್ ಮಲಗಿದಾಗ ಸರಿ ಕೂರುವುದಿಲ್ಲ, ಯಾಕೆಂದರೆ ಮಲಗಿದಾಗ ಕೆನ್ನೆಯ ಆಕಾರವೇ ಬದಲಾಗುತ್ತದೆ. ಮಲಗಿ, ಗಾಳಿ ಆನ್ ಇರುವಾಗಲೇ ಸ್ಟ್ರ್ಯಾಪ್ ಹೊಂದಿಸಿ. ದಪ್ಪ ಮೀಸೆ ಇದ್ದರೆ ಅಲ್ಲಿಂದಲೂ ಸೋರುತ್ತದೆ. ಮೀಸೆ ತೆಗೆಯಿರಿ ಅಂತ ನಾನು ಹೇಳುವುದಿಲ್ಲ. ಮೂಗಿನ ಹೊಳ್ಳೆಗೆ ಮಾತ್ರ ಕೂರುವ ಚಿಕ್ಕ ಮಾಸ್ಕ್ ಇದೆ, ಕೇಳಿ ನೋಡಿ. ಬಾಯಿ ತೆರೆದು ಮಲಗುವವರಿಗೆ ಮಾತ್ರ ಮೂಗು-ಬಾಯಿ ಎರಡನ್ನೂ ಮುಚ್ಚುವ ಮಾಸ್ಕೇ ಬೇಕಾಗಬಹುದು. ಅಂದ ಹಾಗೆ, ಈ ಚಿಕಿತ್ಸೆಯನ್ನು 1981ರಲ್ಲಿ ಲೋಕಕ್ಕೆ ತಿಳಿಸಿದ ಆಸ್ಟ್ರೇಲಿಯಾದ ಡಾ. ಕಾಲಿನ್ ಸಲಿವನ್ ಅವರ ಮೊದಲ ರೋಗಿಗಳು ಮಾಸ್ಕನ್ನು ಮೂಗಿಗೆ ಅಂಟಿಸಿಕೊಂಡು ಮಲಗುತ್ತಿದ್ದರು. ನಮ್ಮ ಕಾಲ ಎಷ್ಟೋ ವಾಸಿ.

ಮೂಗಿಗೆ ನೀರು ಬರುವುದು ಮಲೆನಾಡಿನಲ್ಲಿ ಸಾಮಾನ್ಯ. ಹ್ಯುಮಿಡಿಫೈಯರ್‌ನಿಂದ (ನೀರು ಕಾಯಿಸಿ ಗಾಳಿಗೆ ತೇವ ಕೊಡುವ ಭಾಗದಿಂದ) ಬರುವ ಬೆಚ್ಚಗಿನ ತೇವದ ಗಾಳಿ ಥಂಡಿ ಕೋಣೆಯ ಪೈಪಿನಲ್ಲಿ ತಣಿದು ಹನಿಯಾಗುತ್ತದೆ. ತೇವದ ಮಟ್ಟವನ್ನು ಒಂದೆರಡು ಪಾಯಿಂಟ್ ಇಳಿಸಿ. ಪೈಪನ್ನು ಕಂಬಳಿ ಒಳಗಿಂದ ಹಾಯಿಸಿಕೊಳ್ಳಿ. ಮಷೀನ್ ತಲೆದಿಂಬಿಗಿಂತ ಕೆಳಗಿರಲಿ. ಬಾವಿ ನೀರು ಎಷ್ಟೇ ತಿಳಿಯಾಗಿದ್ದರೂ ಮಷೀನಿನ ನೀರಿನ ತೊಟ್ಟಿಗೆ ಹಾಕಬೇಡಿ. ಡಿಸ್ಟಿಲ್ಡ್ ವಾಟರ್ ಹಾಕಿ, ದಿನಾ ಚೆಲ್ಲಿ ಹೊಸದು ತುಂಬಿ.

ಉಳಿದದ್ದು ಗೊತ್ತಿಲ್ಲದೆ ಕಿತ್ತುಹಾಕುವುದು. ಇದು ಹೊಸಬರಲ್ಲಿ ತುಂಬಾ ಇದೆ. ಮೂಗು ಕಟ್ಟಿರಬಹುದು, ಲೀಕ್ ಆಗಿರಬಹುದು, ಒತ್ತಡ ಏರಿರಬಹುದು. ಎಚ್ಚರವಾದಾಗ ಬೈದುಕೊಳ್ಳದೆ ಮತ್ತೆ ಹಾಕಿಕೊಳ್ಳಿ. ಎಷ್ಟು ಗಂಟೆ ಹಾಕಿದ್ದಿರಿ, ಎಷ್ಟು ಸೋರಿತು, ಎಷ್ಟು ಸಲ ಉಸಿರಿಗೆ ತಡೆಯಾಯಿತು ಅನ್ನುವುದನ್ನು ಈಗಿನ ಹೆಚ್ಚಿನ ಮಷೀನ್‌ಗಳು ಬರೆದಿಟ್ಟುಕೊಳ್ಳುತ್ತವೆ. ಡಾಕ್ಟರ ಹತ್ತಿರ ಹೋಗುವಾಗ ಮಷೀನನ್ನೂ ಮಾಸ್ಕನ್ನೂ ಒಯ್ಯಿರಿ. ಗಂಟೆಗೆ 38 ಸಲ ಇದ್ದ ತಡೆ 5ಕ್ಕಿಂತ ಕೆಳಗೆ ಬರಬೇಕು, ಅದೇ ಗುರಿ.

ಅಲ್ಲಿಯವರೆಗೆ ತೂಕಡಿಕೆ ಇರುವ ದಿನ ಗಾಡಿ ಓಡಿಸಬೇಡಿ. ಆಗುಂಬೆ ಘಾಟಿಯಲ್ಲಂತೂ ಬೇಡವೇ ಬೇಡ. ರಾತ್ರಿ ಗುಂಡು ಹಾಕುವ ಅಭ್ಯಾಸ ಇದ್ದರೆ ಅದು ಗಂಟಲನ್ನು ಇನ್ನೂ ಸಡಿಲ ಮಾಡುತ್ತದೆ. ನಿದ್ದೆ ಮಾತ್ರೆಯನ್ನೂ ಡಾಕ್ಟರನ್ನು ಕೇಳದೆ ತೆಗೆದುಕೊಳ್ಳಬೇಡಿ.

ಪ್ರಶ್ನೆ: ನಮ್ಮದು ಹೊಸನಗರ ಕಡೆ. ಮಳೆಗಾಲದಲ್ಲಿ ರಾತ್ರಿಯಿಡೀ ಕರೆಂಟ್ ಇರುವುದಿಲ್ಲ. ನಮ್ಮ ಮನೆಯವರು ಮಾಸ್ಕ್ ಹಾಕಿಕೊಂಡಿರುವಾಗ ಕರೆಂಟ್ ಹೋದರೆ ಉಸಿರು ಕಟ್ಟುತ್ತದಾ? ನನಗೆ ಅದೇ ಹೆದರಿಕೆ.

ಉತ್ತರ: ಹೆದರಬೇಡಿ. ಮೂಗಿನ ಮಾಸ್ಕ್ ಆದರೆ ಬಾಯಿ ತೆರೆದೇ ಇರುತ್ತದೆ. ಬಾಯಿಯನ್ನೂ ಮುಚ್ಚುವ ಮಾಸ್ಕಿನಲ್ಲಿ ಗಾಳಿ ನಿಂತ ಕೂಡಲೇ ಹೊರಗಿನ ಗಾಳಿಗೆ ದಾರಿ ಬಿಡುವ ವಾಲ್ವ್ ಇರುತ್ತದೆ. ಆದರೂ ಕರೆಂಟ್ ಇಲ್ಲದಾಗ ಮಾಸ್ಕ್ ತೆಗೆದು, ಮಗ್ಗುಲಾಗಿ, ತಲೆ ಸ್ವಲ್ಪ ಎತ್ತರ ಮಾಡಿ ಮಲಗುವುದು ಒಳ್ಳೆಯದು.

ಇನ್ವರ್ಟರ್ ಇದ್ದರೆ ಮಷೀನ್ ಆರಾಮಾಗಿ ನಡೆಯುತ್ತದೆ, ಹ್ಯುಮಿಡಿಫೈಯರ್ ಆಫ್ ಮಾಡಬೇಕು ಅಷ್ಟೇ. ಕರೆಂಟನ್ನು ತಿನ್ನುವುದು ನೀರು ಕಾಯಿಸುವ ಆ ಭಾಗವೇ. ಹೊಸದಾಗಿ ಕೊಳ್ಳುವುದಾದರೆ ಸೈನ್ ವೇವ್ ಇನ್ವರ್ಟರ್ ತೆಗೆದುಕೊಳ್ಳಿ, ಸ್ಕ್ವೇರ್ ವೇವ್ ಬೇಡ.

ಮಾಸ್ಕಿನ ಕುಶನ್ ದಿನಾ, ಪೈಪು ವಾರಕ್ಕೊಮ್ಮೆ ಸೌಮ್ಯ ಸೋಪಿನ ನೀರಲ್ಲಿ ತೊಳೆಯಿರಿ. ಜುಲೈ ಮಳೆಯಲ್ಲಿ ಪೈಪು ಒಣಗುವುದೇ ಇಲ್ಲ ಅಂತ ನನಗೂ ಗೊತ್ತು. ಬೆಳಗ್ಗೆಯೇ ತೊಳೆದು ಫ್ಯಾನ್ ಕೆಳಗೆ ನೇತುಹಾಕಿ. ಒಲೆಯ ಮೇಲೆ, ಹೊಗೆ ಅಟ್ಟದಲ್ಲಿ ಮಾತ್ರ ಬೇಡ. ಅಡಿಕೆ ಬೇಯಿಸುವ ದಿನಗಳಲ್ಲಿ ಮಷೀನಿನ ಫಿಲ್ಟರ್ ಬೇಗ ಕಪ್ಪಾಗುತ್ತದೆ, ಆಗಾಗ ತೆಗೆದು ನೋಡುತ್ತಿರಿ.

ಪ್ರಶ್ನೆ: ಪರಿಚಯದವರು ಬಳಸಿದ ಮಷೀನನ್ನು ಅರ್ಧ ಬೆಲೆಗೆ ಕೊಡುತ್ತೇನೆ ಅನ್ನುತ್ತಿದ್ದಾರೆ. ಕೊಳ್ಳಬಹುದಾ?

ಉತ್ತರ: ಮಾಡೆಲ್ ನಂಬರ್ ನೋಡದೆ ಬೇಡ. ಒಳಗಿನ ಫೋಮ್ ಪುಡಿಯಾಗುತ್ತದೆ ಅಂತ 2021ರ ಜೂನ್‌ನಲ್ಲಿ ಫಿಲಿಪ್ಸ್ ಕಂಪನಿ ತನ್ನ ಹಲವು ಹಳೆಯ ಮಾಡೆಲ್‌ಗಳನ್ನು ವಾಪಸ್ ಕರೆಸಿತ್ತು. ಅಂಥದ್ದಲ್ಲ ಅಂತ ಖಾತ್ರಿಯಾದರೂ ಮಾಸ್ಕ್, ಪೈಪ್, ಫಿಲ್ಟರ್, ನೀರಿನ ತೊಟ್ಟಿ ಹೊಸದೇ ಆಗಬೇಕು. ಅವರಿಗೆ ಇಟ್ಟ ಒತ್ತಡ ನಿಮಗಲ್ಲ, ನಿಮ್ಮ ಸ್ಲೀಪ್ ಸ್ಟಡಿ ಪ್ರಕಾರ ಡಾಕ್ಟರಿಂದ ಹೊಸದಾಗಿ ಸೆಟ್ ಮಾಡಿಸಿ. ನಿಮಗೆ ಪೇಸ್‌ಮೇಕರ್ ಇದ್ದರೆ ಮೊದಲೇ ಹೇಳಿ. ಕೆಲವು ಮಾಸ್ಕ್‌ಗಳ ಕ್ಲಿಪ್ಪಿನಲ್ಲಿ ಅಯಸ್ಕಾಂತ ಇರುತ್ತದೆ, ಅಂಥದ್ದು ನಿಮಗೆ ಬೇಡ.