ಹಳೆಯ ಮಸ್ಟಾಂಗ್ ಕೊಳ್ಳೋದಾದರೆ ಮೊದಲು ಕಾರಿನ ಕೆಳಗೆ ಬಗ್ಗಿ ನೋಡಿ

ನಮಸ್ಕಾರ. ಮಿಶಿಗನ್‌ಗೆ ಹೊಸದಾಗಿ ಬಂದವರು ಕೇಳೋದು ಸಾಮಾನ್ಯವಾಗಿ ಸೋನಾ ಮಸೂರಿ ಎಲ್ಲಿ ಸಿಗುತ್ತದೆ, ಯಾವ ಸ್ಕೂಲ್ ಚೆನ್ನಾಗಿದೆ ಅಂತ. ನೀವು ಕೇಳಿರೋದು ಬೇರೆ. ಬಂದು ಆರು ತಿಂಗಳಾಗಿದೆ, ಕ್ಯಾಂಟನ್‌ನಲ್ಲಿ ಅಪಾರ್ಟ್‌ಮೆಂಟ್, ಓಡಾಡೋಕೆ ಒಂದು ಹಳೆಯ ಕೊರೊಲಾ ಇದೆ. ಈಗ ಫೋರ್ಡ್ ಕಂಪನಿಯ ಸ್ಪೋರ್ಟ್ಸ್ ಕಾರು, 2007ರ ಮಸ್ಟಾಂಗ್ ಜಿಟಿ ಒಂದು 8,500 ಡಾಲರ್‌ಗೆ ಮಾರಾಟಕ್ಕಿದೆ, ಗೇರ್ ಗಾಡಿ. ದಾವಣಗೆರೆಯಲ್ಲಿ ಅಪ್ಪನ ಬುಲೆಟ್ಟನ್ನು ನೀವೇ ಬಿಚ್ಚಿ ಜೋಡಿಸುತ್ತಿದ್ದಿರಿ. ಈ ಕಾರನ್ನೂ ಮನೆಯಲ್ಲೇ ರಿಪೇರಿ ಮಾಡಿಕೊಂಡು ಇಟ್ಟುಕೊಳ್ಳಬಹುದಾ, ಅಥವಾ ಇದು ಹುಚ್ಚಾಟವಾ?

ಇಟ್ಟುಕೊಳ್ಳಬಹುದು. ಕೊರೊಲಾ ಮಾರಬೇಡಿ, ಅಷ್ಟೇ. ಮಸ್ಟಾಂಗ್ ಎರಡನೇ ಕಾರಾಗಿ ಇರಲಿ. ಅರ್ಧ ಬಿಚ್ಚಿಟ್ಟ ಕಾರಿನ ಪಕ್ಕ ಭಾನುವಾರ ರಾತ್ರಿ ಹನ್ನೊಂದಕ್ಕೆ ನಿಂತುಕೊಂಡು, ನಾಳೆ ಆಫೀಸಿಗೆ ಹೇಗೆ ಹೋಗೋದು ಅಂತ ಯೋಚಿಸುವ ಪರಿಸ್ಥಿತಿ ಬರಬಾರದು. ಅವಸರ ಇದ್ದಾಗಲೇ ಬೋಲ್ಟ್ ಮುರಿಯೋದು.

ನಮ್ಮ ಊರಿನ ಲೆಕ್ಕ ಇಲ್ಲಿ ತಿರುಗುಮುರುಗು. ಅಲ್ಲಿ ಮೆಕ್ಯಾನಿಕ್ ಕೂಲಿ ಕಡಿಮೆ, ಅದಕ್ಕೇ ಯಾರೂ ಕೈ ಕೊಳೆ ಮಾಡಿಕೊಳ್ಳೋದಿಲ್ಲ. ಇಲ್ಲಿ ಗ್ಯಾರೇಜಿನ ಕೂಲಿ ಗಂಟೆಗೆ ನೂರು ಡಾಲರ್ ದಾಟುತ್ತದೆ. ಕೆಲಸಕ್ಕೆ ನಿಜವಾಗಿ ಎಷ್ಟು ಹೊತ್ತು ಹಿಡಿಯಿತು ಅನ್ನೋದಕ್ಕಿಂತ, ಪುಸ್ತಕದಲ್ಲಿ ಎಷ್ಟು ಗಂಟೆ ಬರೆದಿದೆಯೋ ಅಷ್ಟಕ್ಕೆ ಬಿಲ್ ಬರೋದೇ ಜಾಸ್ತಿ. ಪಾರ್ಟ್ಸ್ ಮಾತ್ರ ಅಗ್ಗ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆದು ಹುಡುಕುವ ಸಾಮಾನನ್ನು ಇಲ್ಲಿ ರಾಕ್‌ಆಟೋ ಅನ್ನೋ ಆನ್‌ಲೈನ್ ಅಂಗಡಿಯಿಂದ ಕೂತಲ್ಲೇ ತರಿಸಬಹುದು. ಅದರಲ್ಲೂ ಮಸ್ಟಾಂಗ್‌ಗೆ ಸಿಗದ ಪಾರ್ಟ್ ಇಲ್ಲ ಅನ್ನಬಹುದು. 2005ರ ಮಾಡೆಲ್‌ನಿಂದ ಈ ಕಾರು ತಯಾರಾಗುತ್ತಿರೋದು ಫ್ಲಾಟ್ ರಾಕ್‌ನಲ್ಲಿ, ನಿಮ್ಮ ಕ್ಯಾಂಟನ್‌ನಿಂದ ಅರ್ಧ ಗಂಟೆ ದಾರಿ. ಸುತ್ತಮುತ್ತಲ ಗುಜರಿ ಯಾರ್ಡ್‌ಗಳಿಗೆ ನೀವೇ ಟೂಲ್ಸ್ ತಗೊಂಡು ಹೋಗಿ, ಬೇಕಾದ್ದನ್ನು ಬಿಚ್ಚಿಕೊಂಡು, ಬಾಗಿಲಲ್ಲಿ ದುಡ್ಡು ಕೊಟ್ಟು ಬರಬಹುದು. ಒಂದು ವಿಷಯ ಹೊಸಬರಿಗೆ ಗೊತ್ತಿರೋದಿಲ್ಲ. ಬ್ಯಾಟರಿ, ಆಲ್ಟರ್ನೇಟರ್, ಬ್ರೇಕ್ ಕ್ಯಾಲಿಪರ್ ಇಂಥವುಗಳ ಬಿಲ್ಲಿನಲ್ಲಿ 'ಕೋರ್' ಅಂತ ಒಂದು ಮೊತ್ತ ಸೇರಿರುತ್ತದೆ. ಅದು ಡಿಪಾಸಿಟ್. ಹಳೆಯದನ್ನು ವಾಪಸ್ ಕೊಟ್ಟರೆ ಆ ದುಡ್ಡು ವಾಪಸ್. ಹಳೇ ಪಾರ್ಟ್ ಎಸೆಯಬೇಡಿ.

ಕೆಲಸ ಮಾಡಲು ಜಾಗ ಎಲ್ಲಿ? ನಿಮ್ಮ ಪ್ಲಾನಿನ ನಿಜವಾದ ತೊಡಕು ಇದೇ. ಅಪಾರ್ಟ್‌ಮೆಂಟ್ ಕರಾರು ಪತ್ರ ತೆಗೆದು ಓದಿ. ಪಾರ್ಕಿಂಗ್ ಲಾಟ್‌ನಲ್ಲಿ ವಾಹನ ರಿಪೇರಿ ಮಾಡುವ ಹಾಗಿಲ್ಲ ಅಂತ ಬಹುತೇಕ ಎಲ್ಲ ಕರಾರಿನಲ್ಲೂ ಇರುತ್ತದೆ. ಚಕ್ರ ಬಿಚ್ಚಿದ ಕಾರು ಕಂಡರೆ ಟೋ ಟ್ರಕ್ ಕರೆಸುವವರೂ ಇದ್ದಾರೆ. ಅಲ್ಲಿ ವೈಪರ್ ಬದಲಿಸಬಹುದು, ಏರ್ ಫಿಲ್ಟರ್ ಹಾಕಬಹುದು, ಅಷ್ಟೇ. ಗ್ಯಾರೇಜ್ ಇರುವ ಸ್ನೇಹಿತರೊಬ್ಬರು ಸಿಗುವ ತನಕ, ಇಲ್ಲವೇ ನೀವೇ ಗ್ಯಾರೇಜ್ ಇರುವ ಮನೆಗೆ ಹೋಗುವ ತನಕ ದೊಡ್ಡ ಕೆಲಸಕ್ಕೆ ಕೈ ಹಾಕಬೇಡಿ. ಸ್ನೇಹಿತರು ಸುಲಭವಾಗಿ ಸಿಗುತ್ತಾರೆ ಬಿಡಿ. ಇದು ಡೆಟ್ರಾಯಿಟ್ ಸೀಮೆ. ಬೀದಿಗೊಬ್ಬರಾದರೂ ನಿವೃತ್ತ ಕಾರ್ ಕಂಪನಿ ಎಂಜಿನಿಯರ್ ಇರುತ್ತಾರೆ. ಗ್ಯಾರೇಜ್ ಬಾಗಿಲು ತೆರೆದು ಬಾನೆಟ್ ಎತ್ತಿದರೆ ಸಾಕು, ಕಾಫಿ ಕಪ್ ಹಿಡಿದುಕೊಂಡು ಬಂದು ನಿಲ್ಲುತ್ತಾರೆ. ನಾನು ಇಲ್ಲಿ ಕಲಿತದ್ದರಲ್ಲಿ ಅರ್ಧ ಹಾಗೆ ಬಂದವರಿಂದಲೇ.

ಇನ್ನು ಕಾರಿನ ವಿಷಯ. ನೀವು ಪತ್ರದ ತುಂಬ ಇಂಜಿನ್ ಬಗ್ಗೆಯೇ ಬರೆದಿದ್ದೀರಿ. 4.6 ಲೀಟರ್ ವಿ8, 300 ಎಚ್‌ಪಿ. ಎಂಟು ಮಾರುತಿ 800 ಸೇರಿದಷ್ಟು ಶಕ್ತಿ, ಆಸೆಯಾಗೋದು ಸಹಜ. ಆದರೆ ಇಂಜಿನ್ ಕೆಟ್ಟರೆ ಸರಿ ಮಾಡಬಹುದು, ಇನ್ನೊಂದನ್ನು ತಂದು ಕೂರಿಸಲೂಬಹುದು. ತುಕ್ಕು ತಿಂದ ತಳಕ್ಕೆ ಮನೆಯಲ್ಲಿ ಔಷಧಿ ಇಲ್ಲ. ಡೆಟ್ರಾಯಿಟ್ ನಗರದ ಕೆಳಗೆ ಸಾವಿರ ಅಡಿಗಿಂತ ಆಳದಲ್ಲಿ ಉಪ್ಪಿನ ಗಣಿಯೇ ಇದೆ. ಚಳಿಗಾಲ ಪೂರ್ತಿ ಇಲ್ಲಿನ ರಸ್ತೆಗಳಿಗೆ ಉಪ್ಪು ಸುರಿಯುತ್ತಾರೆ. ಅದು ಕರಗಿ ಕಾರಿನ ಅಡಿಗೆ ಮೆತ್ತಿಕೊಂಡು ವರ್ಷಗಟ್ಟಲೆ ಕಬ್ಬಿಣ ತಿನ್ನುತ್ತದೆ. ಇನ್ನೊಂದು ಮಾತು. ಕೆಲವು ರಾಜ್ಯಗಳಲ್ಲಿ ಇರುವ ಹಾಗೆ ಮಿಶಿಗನ್‌ನಲ್ಲಿ ವರ್ಷಕ್ಕೊಮ್ಮೆ ಕಾರು ತಪಾಸಣೆ ಇಲ್ಲ. ಬ್ರೇಕ್ ಪೈಪ್ ತೂತಾಗುವ ಹಂತಕ್ಕೆ ಬಂದಿದ್ದರೂ ಕಾರು ಆರಾಮಾಗಿ ರಸ್ತೆಯಲ್ಲಿ ಓಡಾಡುತ್ತಿರುತ್ತದೆ. ನೋಡುವವರು ನೀವೇ.

ಆದ್ದರಿಂದ ಟಾರ್ಚ್, ಹಳೆಯ ಬಟ್ಟೆ, ಒಂದು ಸ್ಕ್ರೂಡ್ರೈವರ್ ತಗೊಂಡು ಹೋಗಿ. ಬಾಗಿಲ ಕೆಳಗಿನ ಪಟ್ಟಿ, ಹಿಂದಿನ ಚಕ್ರದ ಒಳಗಿನ ಅಂಚು, ಹಿಂದಿನ ಆಕ್ಸಲ್ ಹಿಡಿದಿರುವ ಆರ್ಮ್‌ಗಳು ಕಾರಿನ ಬಾಡಿಯನ್ನು ಸೇರುವ ಜಾಗ, ಉದ್ದಕ್ಕೂ ಹೋಗುವ ಬ್ರೇಕ್ ಪೈಪ್. ಇಷ್ಟನ್ನೂ ಮಲಗಿಕೊಂಡು ನೋಡಿ. ಮೇಲ್ಪದರದ ಕೆಂಪು ಪುಡಿಗೆ ಹೆದರಬೇಡಿ, ಇಲ್ಲಿ ಅದು ಎಲ್ಲ ಕಾರಿಗೂ ಇರುತ್ತದೆ. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದಾಗ ಠಣ್ ಅನ್ನದೆ ಮಂದ ಸದ್ದು ಬಂದರೆ, ಹೊಪ್ಪಳಿಕೆ ಉದುರಿದರೆ, ವಾಪಸ್ ಬನ್ನಿ. ಹೊಸದಾಗಿ ಕಪ್ಪು ರಬ್ಬರ್ ಕೋಟಿಂಗ್ ಬಳಿದಿದ್ದರೂ ಅನುಮಾನ ಪಡಿ. ಮಾರುವ ಮುಂಚೆ ಬಳಿಯೋದು ಏನನ್ನೋ ಮುಚ್ಚೋಕೆ, ಅಲ್ವಾ? ಟೆನೆಸ್ಸಿ, ಟೆಕ್ಸಸ್ ಕಡೆಯಿಂದ ಬಂದ ಕಾರು ಸಿಕ್ಕರೆ ಸಾವಿರ ಡಾಲರ್ ಜಾಸ್ತಿ ಕೊಟ್ಟರೂ ಅದೇ ಲಾಭ.

ಈ ಮಾಡೆಲ್‌ಗೇ ಇರುವ ಎರಡು ಮೂರು ರೋಗಗಳಿವೆ. ಪ್ಯಾಸೆಂಜರ್ ಕಡೆ ಕಾಲಡಿಯ ಕಾರ್ಪೆಟ್ ಒತ್ತಿ ನೋಡಿ. ಒದ್ದೆ ಇದ್ದರೆ, ಮುಂದಿನ ಗಾಜಿನ ಕೆಳಗೆ ನೀರು ಹರಿಯುವ ತೂತಿಗೆ ಎಲೆ ಕಟ್ಟಿಕೊಂಡು ನೀರು ಒಳಗೆ ಬಂದಿದೆ ಅಂತ ಅರ್ಥ. ಅದೇ ಮೂಲೆಯಲ್ಲಿ ಫ್ಯೂಸ್ ಮತ್ತು ಎಲೆಕ್ಟ್ರಾನಿಕ್ಸ್ ಇರುವ ಪೆಟ್ಟಿಗೆ ಇದೆ. ಅದಕ್ಕೆ ನೀರು ಹೊಕ್ಕರೆ ಹಾರ್ನ್ ತಾನೇ ಕೂಗುತ್ತದೆ, ವೈಪರ್ ತಾನೇ ಓಡುತ್ತದೆ. ಎಲೆ ತೆಗೆಯೋದು ಹತ್ತು ನಿಮಿಷದ ಕೆಲಸ, ಪೆಟ್ಟಿಗೆ ಬದಲಿಸೋದು ದೊಡ್ಡ ತಲೆನೋವು. ಬಾನೆಟ್ಟಿನ ಮುಂದಿನ ಅಂಚಲ್ಲಿ ಪೇಂಟ್ ಗುಳ್ಳೆ ಎದ್ದಿರುತ್ತದೆ. ಬಾನೆಟ್ ಅಲ್ಯೂಮಿನಿಯಂ ಆದರೂ ಹಾಗೆ ಆಗುತ್ತದೆ. ನೋಡೋಕೆ ಕೆಟ್ಟದು, ಅಪಾಯ ಏನಿಲ್ಲ. ಬೆಲೆ ಇಳಿಸೋಕೆ ಮಾತ್ರ ಬಳಸಿಕೊಳ್ಳಿ.

ಸ್ಪಾರ್ಕ್ ಪ್ಲಗ್ ವಿಷಯವನ್ನು ಗಮನವಿಟ್ಟು ಓದಿ. ಈ ತ್ರೀ-ವಾಲ್ವ್ (ಸಿಲಿಂಡರಿಗೆ ಮೂರು ವಾಲ್ವ್ ಇರುವ) ಇಂಜಿನ್‌ನಲ್ಲಿ ಶುರುವಿನ ವರ್ಷಗಳಲ್ಲಿ ಬಂದ ಪ್ಲಗ್ ಎರಡು ತುಂಡಿನದು. ತುದಿಯಲ್ಲಿ ಉದ್ದನೆಯ ಕೊಳವೆ ಇದೆ. ಅದರ ಸುತ್ತ ಕಾರ್ಬನ್ ಕಟ್ಟಿ ಸಿಲಿಂಡರ್ ಹೆಡ್‌ಗೆ ಕಚ್ಚಿಕೊಳ್ಳುತ್ತದೆ. ಬುಲೆಟ್ ಪ್ಲಗ್ ಬಿಚ್ಚುವ ಹಾಗೆ ತಿರುಗಿಸಿದರೆ ಮೇಲಿನ ಭಾಗ ಕೈಗೆ ಬರುತ್ತದೆ, ಕೊಳವೆ ಒಳಗೇ ಉಳಿಯುತ್ತದೆ. ಒಂದು ಲಕ್ಷ ಮೈಲಿಗೆ ಬದಲಿಸಬೇಕು ಅಂತ ಕಂಪನಿಯ ಲೆಕ್ಕ. ಅಷ್ಟು ದಿನ ಮುಟ್ಟದೇ ಬಿಟ್ಟರೆ ಕಚ್ಚಿಕೊಳ್ಳದೆ ಇರುತ್ತದಾ? ನೀವು ನೋಡಿರುವ ಕಾರು 1,12,000 ಮೈಲಿ ಓಡಿದೆ. ಪ್ಲಗ್ ಬದಲಿಸಿದ ರಸೀದಿ ಕೇಳಿ. ರಸೀದಿ ಇದ್ದರೆ ಅರ್ಧ ಚಿಂತೆ ಕಳೆಯಿತು. ಇಲ್ಲದಿದ್ದರೆ ಆ ಕೆಲಸ ನಿಮ್ಮದು ಅಂತ ಲೆಕ್ಕ ಹಾಕಿ ಬೆಲೆ ಮಾತಾಡಿ.

ಮಾಡುವ ವಿಧಾನ ಇದೆ. ಇಂಜಿನ್ ಪೂರ್ತಿ ತಣ್ಣಗಿರಬೇಕು, ರಾತ್ರಿಯಿಡೀ ನಿಂತಿದ್ದರೆ ಒಳ್ಳೆಯದು. ಪ್ಲಗ್ ಮೇಲೆ ಕೂತಿರುವ ಇಗ್ನಿಷನ್ ಕಾಯಿಲ್ ತೆಗೆದು, ಪ್ಲಗ್ ಕುಳಿಯ ಕಸವನ್ನು ಗಾಳಿ ಹೊಡೆದು ತೆಗೆಯಿರಿ. ಪ್ಲಗ್ಗನ್ನು ಎಂಟನೇ ಒಂದು ಸುತ್ತು ಮಾತ್ರ ಸಡಿಲಿಸಿ. ಕಾರ್ಬ್ಯುರೇಟರ್ ಕ್ಲೀನರನ್ನು ಕುಳಿಗೆ ಸ್ವಲ್ಪ ಬಿಟ್ಟು ಕಾಯಿರಿ. 15 ನಿಮಿಷ ಸಾಕು ಅನ್ನುತ್ತಾರೆ, ನಾನು ಊಟ ಮಾಡಿ ಬರುತ್ತೇನೆ. ಆಮೇಲೆ ಸ್ವಲ್ಪ ಬಿಗಿ, ಸ್ವಲ್ಪ ಸಡಿಲ, ಮತ್ತೆ ಬಿಗಿ, ಹೀಗೆ ಹಿಂದೆ ಮುಂದೆ ಆಡಿಸುತ್ತಾ ಬನ್ನಿ. ಕಿರ್ ಅನ್ನುತ್ತದೆ, ಹೆದರಬೇಡಿ. ಇಂಪ್ಯಾಕ್ಟ್ ಗನ್ ಹತ್ತಿರಕ್ಕೂ ತರಬೇಡಿ. ಅಷ್ಟಾಗಿಯೂ ಮುರಿದರೆ ತುಂಡು ಹೊರಗೆ ಎಳೆಯುವ ಪ್ರತ್ಯೇಕ ಟೂಲ್ ಸಿಗುತ್ತದೆ. ಹೊಸದು ಹಾಕುವಾಗ ಒಂದೇ ತುಂಡಿನ ಪ್ಲಗ್ ತಗೊಳ್ಳಿ, ಆ ಕೊಳವೆಗೆ ತೆಳ್ಳಗೆ ನಿಕಲ್ ಆಂಟಿ-ಸೀಜ್ (ಲೋಹ ಕಚ್ಚಿಕೊಳ್ಳದಂತೆ ತಡೆಯುವ ಪೇಸ್ಟ್) ಸವರಿ.

ಟೂಲ್ಸ್‌ಗೆ ಒಮ್ಮೆಲೇ ಸಾವಿರಗಟ್ಟಲೆ ಸುರಿಯಬೇಡಿ. ಒಳ್ಳೆಯ ಸಾಕೆಟ್ ಸೆಟ್, ಉದ್ದ ಹಿಡಿಯ ಬ್ರೇಕರ್ ಬಾರ್, ಟಾರ್ಕ್ ರೆಂಚ್, ಫ್ಲೋರ್ ಜಾಕ್, ಒಂದು ಜೊತೆ ಜಾಕ್ ಸ್ಟ್ಯಾಂಡ್, ಕಾರಿನ ಕಂಪ್ಯೂಟರಿನಿಂದ ದೋಷದ ಕೋಡ್ ಓದುವ ಓಬಿಡಿ-2 ಸ್ಕ್ಯಾನರ್. ಅಪರೂಪಕ್ಕೆ ಬೇಕಾಗುವ ಪುಲ್ಲರ್, ಸ್ಪ್ರಿಂಗ್ ಕಂಪ್ರೆಸರ್ ಎಲ್ಲ ಆಟೋಜೋನ್ ಥರದ ಅಂಗಡಿಗಳಲ್ಲಿ ಡಿಪಾಸಿಟ್ ಇಟ್ಟು ತಂದು, ವಾಪಸ್ ಕೊಟ್ಟು, ದುಡ್ಡು ಪೂರ್ತಿ ಪಡೆಯಬಹುದು. ಬಳಸಿದ ಇಂಜಿನ್ ಆಯಿಲ್ಲನ್ನೂ ಅವರೇ ಪುಕ್ಕಟೆ ತಗೊಳ್ಳುತ್ತಾರೆ. ಚರಂಡಿಗೆ ಸುರಿಯುವ ಯೋಚನೆಯೂ ಬೇಡ. ಸ್ಕ್ಯಾನರ್ ಕಾರು ನೋಡಲು ಹೋಗುವಾಗಲೇ ಜೇಬಲ್ಲಿರಲಿ. ಕೋಡ್ ಒಂದೂ ಇಲ್ಲ ಅಂತ ತೋರಿಸಿದರೆ ಖುಷಿಪಡಬೇಡಿ, ಕಾರು ತನ್ನ ಸ್ವಯಂ ಪರೀಕ್ಷೆಗಳನ್ನು ಮುಗಿಸಿದೆಯಾ ಅಂತ ತೋರಿಸುವ 'ರೆಡಿನೆಸ್' ಪುಟ ತೆರೆಯಿರಿ. ಎಲ್ಲವೂ 'ನಾಟ್ ರೆಡಿ' ಅಂತಿದ್ದರೆ, ಯಾರೋ ಈಗಷ್ಟೇ ಕೋಡ್ ಅಳಿಸಿದ್ದಾರೆ ಅಥವಾ ಬ್ಯಾಟರಿ ಬಿಚ್ಚಿದ್ದಾರೆ.

ಎರಡು ವಿಷಯದಲ್ಲಿ ಮಾತ್ರ ನಾನು ಹಿರಿಯಣ್ಣನ ಹಾಗೆ ಗದರುತ್ತೇನೆ. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಒಂದು ನಿಮಿಷವೂ ಹೋಗಬೇಡಿ. ಸ್ಟ್ಯಾಂಡ್ ಇಟ್ಟು, ಕಾರನ್ನು ಕೈಯಲ್ಲಿ ಜೋರಾಗಿ ಅಲ್ಲಾಡಿಸಿ ನೋಡಿ, ಆಮೇಲೆ ನುಸುಳಿ. ಇನ್ನೊಂದು, ಜನವರಿ ಚಳಿ ಅಂತ ಗ್ಯಾರೇಜ್ ಬಾಗಿಲು ಮುಚ್ಚಿಕೊಂಡು ಇಂಜಿನ್ ಸ್ಟಾರ್ಟ್ ಮಾಡಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ. ಮನೆಗೆ ಅಂಟಿಕೊಂಡ ಗ್ಯಾರೇಜ್ ಆದರೆ ಒಳಗೆ ಮಲಗಿದವರಿಗೂ ಅಪಾಯ.

ಆಯಿಲ್, ಫಿಲ್ಟರ್, ಬ್ರೇಕ್ ಪ್ಯಾಡ್, ಕೂಲಂಟ್, ಬೆಲ್ಟ್, ಶಾಕ್ ಅಬ್ಸಾರ್ಬರ್, ಹಿಂದಿನ ಆಕ್ಸಲ್ ಆಯಿಲ್ ಇವೆಲ್ಲ ನಿಮ್ಮ ಕೈಯಲ್ಲಿ ಆಗುವ ಕೆಲಸ. ಈ ಇಂಜಿನ್‌ಗೆ 6 ಕ್ವಾರ್ಟ್ 5ಡಬ್ಲ್ಯೂ-20 ಆಯಿಲ್ ಹಿಡಿಯುತ್ತದೆ. ಚಕ್ರದ ನಟ್‌ಗೆ 100 ಫುಟ್-ಪೌಂಡ್ ಟಾರ್ಕ್. ಬ್ರೇಕ್ ಪೈಪಿನ ಗಾಳಿ ತೆಗೆಯೋಕೆ ಪೆಡಲ್ ಒತ್ತಲು ಇನ್ನೊಬ್ಬರು ಬೇಕು. ಮನೆಯವರನ್ನು ಕೇಳುವ ಮುಂಚೆ ಅವರ ಮೂಡ್ ನೋಡಿ. ಕ್ಲಚ್ ಪ್ಲೇಟ್ ಬದಲಿಸಲು ಗೇರ್‌ಬಾಕ್ಸ್ ಇಳಿಸಬೇಕು, ನೆಲದ ಮೇಲೆ ಬೆನ್ನು ಹಾಕಿ ಅದನ್ನು ಮಾಡೋದು ಬೇಡ. ಏರ್‌ಬ್ಯಾಗ್ ಅಂತೂ ಮುಟ್ಟಲೇಬೇಡಿ. ಈ ವರ್ಷಗಳ ಮಸ್ಟಾಂಗ್‌ಗಳು ಟಕಾಟಾ ಕಂಪನಿಯ ಏರ್‌ಬ್ಯಾಗ್ ರೀಕಾಲ್‌ನಲ್ಲಿ (ದೋಷವಿದೆ ಅಂತ ಪುಕ್ಕಟೆ ಬದಲಿಸಲು ವಾಪಸ್ ಕರೆದದ್ದು) ಇವೆ. ಹಳೆಯದಾದ ಗ್ಯಾಸ್ ಡಬ್ಬಿ ಸಿಡಿದು ಲೋಹದ ಚೂರು ಮುಖಕ್ಕೆ ಹಾರಿ ಜನ ಸತ್ತಿದ್ದಾರೆ. ಕಾರಿನ 17 ಅಂಕಿ-ಅಕ್ಷರದ ವಿನ್ ನಂಬರನ್ನು (ಕಾರಿನ ಗುರುತಿನ ಸಂಖ್ಯೆ) ರಸ್ತೆ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎನ್‌ಎಚ್‌ಟಿಎಸ್‌ಎ ತಾಣದಲ್ಲಿ ಹಾಕಿ ನೋಡಿ. ಬಾಕಿ ಇದ್ದರೆ ಫೋರ್ಡ್ ಡೀಲರ್ ಉಚಿತವಾಗಿ ಬದಲಿಸಿಕೊಡಬೇಕು. ಅದೇ ನಂಬರಿನ ಎಂಟನೇ ಅಕ್ಷರ ಎಚ್ ಆಗಿದ್ದರೆ ನಿಜವಾದ ವಿ8. ಎನ್ ಇದ್ದರೆ ವಿ6 ಕಾರಿಗೆ ಜಿಟಿ ವೇಷ ಹಾಕಿದ್ದಾರೆ.

ಚಳಿಗಾಲದಲ್ಲಿ ಓಡಿಸುವ ಆಸೆ ಬಿಡಿ. ಹಿಂದಿನ ಚಕ್ರಕ್ಕೆ ಶಕ್ತಿ, ಟ್ರ್ಯಾಕ್ಷನ್ ಕಂಟ್ರೋಲ್ ಇದೆ, ಆದರೆ ಕಾರು ಜಾರಿ ತಿರುಗದಂತೆ ಹಿಡಿಯುವ ಸ್ಟೆಬಿಲಿಟಿ ಕಂಟ್ರೋಲ್ ಮಸ್ಟಾಂಗ್‌ಗೆ ಬಂದದ್ದು 2010ರ ಮಾಡೆಲ್‌ನಲ್ಲಿ. ಹಿಮದ ರಸ್ತೆಗೆ ಕೊರೊಲಾನೇ ಸರಿ. ಟ್ಯಾಂಕ್ ತುಂಬಿಸಿ, ಪೆಟ್ರೋಲ್ ಕೆಡದಂತೆ ಸ್ಟೆಬಿಲೈಸರ್ ಹಾಕಿ, ಬ್ಯಾಟರಿಗೆ ಮೇಂಟೇನರ್ ಸಿಕ್ಕಿಸಿ, ತಳಕ್ಕೆ ಉಣ್ಣೆಯ ಜಿಡ್ಡಿನಿಂದ ಮಾಡಿದ ಸ್ಪ್ರೇ ಹೊಡೆದು ನಿಲ್ಲಿಸಿಬಿಡಿ. ಮುಂದಿನ ಆಗಸ್ಟ್‌ನಲ್ಲಿ ವುಡ್‌ವರ್ಡ್ ಅವೆನ್ಯೂಗೆ ತಗೊಂಡು ಬನ್ನಿ. 1995ರಿಂದ ನಡೆಯುತ್ತಿರುವ ಡ್ರೀಮ್ ಕ್ರೂಸ್‌ನಲ್ಲಿ ಫರ್ನ್‌ಡೇಲ್‌ನಿಂದ ಪಾಂಟಿಯಾಕ್ ತನಕ ಹಳೇ ಕಾರುಗಳ ಜಾತ್ರೆ. ನಿಮ್ಮದಕ್ಕಿಂತ ಕೆಟ್ಟ ಬಾನೆಟ್ ಇರುವ ಮಸ್ಟಾಂಗ್‌ಗಳೂ ಅಲ್ಲಿ ಕಾಣುತ್ತವೆ.

ವೀಸಾ ಬಗ್ಗೆ ಒಂದು ಮಾತು, ಯಾಕೆಂದರೆ ನೀವು ಕೊನೆಯಲ್ಲಿ 'ಕಲಿತ ಮೇಲೆ ಬೇರೆಯವರ ಕಾರೂ ಮಾಡಿಕೊಟ್ಟು ಖರ್ಚು ಹುಟ್ಟಿಸಬಹುದು' ಅಂತ ಬರೆದಿದ್ದೀರಿ. ಎಚ್-1ಬಿಯಲ್ಲಿ ನಿಮ್ಮ ಅರ್ಜಿ ಹಾಕಿದ ಕಂಪನಿಗೆ ಮಾತ್ರ ದುಡಿಯುವ ಅನುಮತಿ. ಸ್ವಂತ ಕಾರು ರಿಪೇರಿಗೆ ಯಾರ ಅಡ್ಡಿಯೂ ಇಲ್ಲ. ದುಡ್ಡು ತಗೊಂಡು ಪರರ ಕಾರು ಮುಟ್ಟಬೇಡಿ, ಕೊಂಡು ಸರಿ ಮಾಡಿ ಮಾರುವ ವ್ಯಾಪಾರಕ್ಕೂ ಇಳಿಯಬೇಡಿ.

ಕೊಳ್ಳುವ ಮುಂಚೆ ವಿನ್ ನಂಬರ್ ಕೊಟ್ಟು ಇನ್ಶೂರೆನ್ಸ್ ಬೆಲೆ ಕೇಳಿ. ದೇಶದಲ್ಲೇ ದುಬಾರಿ ಇನ್ಶೂರೆನ್ಸ್ ಇರುವ ರಾಜ್ಯಗಳಲ್ಲಿ ಮಿಶಿಗನ್ ಒಂದು. ಇಲ್ಲಿನ ಡ್ರೈವಿಂಗ್ ಇತಿಹಾಸ ಇಲ್ಲದ ಹೊಸಬರು, ಮೇಲೆ ವಿ8. ಆ ಅಂಕಿ ನೋಡಿ ಮನಸ್ಸು ಬದಲಾದರೂ ಆಶ್ಚರ್ಯವಿಲ್ಲ. ಹೋಗುವ ದಿನ ಇಂಜಿನ್ ಬಿಸಿ ಮಾಡಿ ಇಡಬೇಡಿ ಅಂತ ಮಾರುವವರಿಗೆ ಫೋನಲ್ಲೇ ಹೇಳಿ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ ಕೇಳಿ, ಇಪ್ಪತ್ತು ನಿಮಿಷ ಓಡಿಸಿ ಬಿಸಿಯಾದ ಮೇಲೆ ನಿಲ್ಲಿಸಿಕೊಂಡು ಮತ್ತೆ ಕೇಳಿ. ಆಗ ಟಕಟಕ ಸದ್ದು ಬಂದರೆ ಕ್ಯಾಮ್ ಫೇಸರ್ (ವಾಲ್ವ್ ತೆರೆಯುವ ಸಮಯ ಹೊಂದಿಸುವ ಭಾಗ) ಸವೆದಿರಬಹುದು, ಅದು ಸಣ್ಣ ಖರ್ಚಲ್ಲ. ಟೈಟಲ್ ಅಂದರೆ ಮಾಲೀಕತ್ವದ ಪತ್ರದಲ್ಲಿ ಮಾರುವವರ ಹೆಸರೇ ಇದೆಯಾ, ಬ್ಯಾಂಕ್ ಸಾಲ ನಮೂದಾಗಿದೆಯಾ, 'ಸಾಲ್ವೇಜ್' (ತೀವ್ರ ಹಾನಿಯಾದದ್ದು) ಅಥವಾ 'ರೀಬಿಲ್ಟ್' (ಹಾಗೆ ಹಾನಿಯಾಗಿ ಮತ್ತೆ ಸರಿ ಮಾಡಿದ್ದು) ಅಂತ ಇದೆಯಾ ನೋಡಿ. ಬೆಲೆಯ ಮೇಲೆ 6% ಸೇಲ್ಸ್ ಟ್ಯಾಕ್ಸ್ ನಿಮ್ಮ ಲೆಕ್ಕದಲ್ಲಿರಲಿ. 15 ದಿನದೊಳಗೆ ಸೆಕ್ರೆಟರಿ ಆಫ್ ಸ್ಟೇಟ್ ಆಫೀಸಿಗೆ (ನಮ್ಮ ಆರ್‌ಟಿಓ ಇದ್ದ ಹಾಗೆ) ಹೋಗಿ ಹೆಸರು ಬದಲಿಸಿಕೊಳ್ಳಿ. ನಂಬರ್ ಪ್ಲೇಟ್ ಕಾರಿನ ಜೊತೆ ಬರೋದಿಲ್ಲ, ಮಾರಿದವರು ಬಿಚ್ಚಿಟ್ಟುಕೊಳ್ಳುತ್ತಾರೆ. ಅದಕ್ಕೆ ಮನೆಗೆ ಹೇಗೆ ತರೋದು ಅನ್ನೋದನ್ನೂ ಮೊದಲೇ ಯೋಚಿಸಿಕೊಂಡು ಹೋಗಿ.