ಫಾಸ್ಟರ್ ಕೇರ್‌ನಲ್ಲಿರುವ (ಹೆತ್ತವರ ಮನೆಯಿಂದ ಬೇರ್ಪಡಿಸಿ ತಾತ್ಕಾಲಿಕವಾಗಿ ಬೇರೆಯವರ ಆರೈಕೆಯಲ್ಲಿ ಇರಿಸಲಾದ) ಹದಿಹರೆಯದವರಿಗೆ ಶಾಶ್ವತ ಕುಟುಂಬ ಸಂಬಂಧಗಳನ್ನು ಹುಡುಕುವುದು ಹೇಗೆ?

ಹುಡುಕಾಟವು ಆ ಹುಡುಗ ಅಥವಾ ಹುಡುಗಿಯ ಜೊತೆಗಿನ ಮಾತುಕತೆಯಿಂದಲೇ ಆರಂಭವಾಗಬೇಕು. ಚಿಕ್ಕಂದಿನಲ್ಲಿ ಯಾರ ಮನೆಯಲ್ಲಿ ಉಳಿಯುತ್ತಿದ್ದರು, ಯಾವ ಶಿಕ್ಷಕರನ್ನು ಹಚ್ಚಿಕೊಂಡಿದ್ದರು, ಸಂಕಟ ಬಂದಾಗ ಯಾರ ನೆನಪಾಗುತ್ತದೆ ಎಂದು ನಿಧಾನವಾಗಿ ಕೇಳುತ್ತಾ ಹೋದರೆ, ಕಡತದಲ್ಲಿ ಕಾಣದ ಹೆಸರುಗಳು ಹೊರಬರುತ್ತವೆ. ಅಮೆರಿಕದ 2008ರ ಒಕ್ಕೂಟ ಕಾನೂನಿನಂತೆ, ಮಗುವನ್ನು ಮನೆಯಿಂದ ಬೇರ್ಪಡಿಸಿದ 30 ದಿನಗಳೊಳಗೆ ವಯಸ್ಕ ಬಂಧುಗಳನ್ನು ಪತ್ತೆಹಚ್ಚಿ ವಿಷಯ ತಿಳಿಸಲು ಶ್ರಮಿಸಬೇಕು. ಆದರೆ ಅಂದು ಮಗುವನ್ನು ನೋಡಿಕೊಳ್ಳಲು ನಿರಾಕರಿಸಿದ ಚಿಕ್ಕಮ್ಮನ ಪರಿಸ್ಥಿತಿ ಕೆಲವು ವರ್ಷಗಳಲ್ಲಿ ಬದಲಾಗಿರಬಹುದಾದ್ದರಿಂದ, ಒಮ್ಮೆ ಕೇಳಿ ಕೈಬಿಡುವುದು ನನ್ನ ದೃಷ್ಟಿಯಲ್ಲಿ ದೊಡ್ಡ ತಪ್ಪು. ‘ದತ್ತು ಬೇಡ’ ಎನ್ನುವ ಹದಿಹರೆಯದವರು ಹಲವು ಬಾರಿ ಹೆತ್ತವರಿಗೆ ದ್ರೋಹ ಬಗೆದಂತಾಗುತ್ತದೆಂದು ಅಂಜಿರುತ್ತಾರೆ. ಅಂಥವರಿಗೆ ಹೆತ್ತವರ ಹಕ್ಕುಗಳನ್ನು ಪೂರ್ತಿ ಕಡಿದುಹಾಕದ ಕಾನೂನುಬದ್ಧ ಪಾಲಕತ್ವವು ಹೆಚ್ಚು ಒಪ್ಪಿಗೆಯಾಗಬಹುದು.