ಕಾರ್ಡ್ ಇದೆ, ಪಟ್ಟಿಯಲ್ಲಿ ಹೆಸರಿಲ್ಲ

ಓದುಗರ ಪತ್ರ: ಅಮ್ಮನ ಹತ್ತಿರ ವೋಟರ್ ಕಾರ್ಡ್ ಇದೆ. ಹೊಸನಗರ ಕ್ಷೇತ್ರ ಅಂತ ಹುಡುಕಿದರೆ ಹೆಸರು ಸಿಗುತ್ತಿಲ್ಲ. ಇನ್ನೊಂದು ಕಡೆ, ಯಾರು ಬೇಕಾದರೂ ಪಟ್ಟಿ ತೆಗೆದು ಊರವರ ಹೆಸರು, ವಯಸ್ಸು ನೋಡಬಹುದಂತೆ. ಇದು ಸರಿಯೇ?
– ಓದುಗರೊಬ್ಬರು, ಹೊಸನಗರ ತಾಲ್ಲೂಕು

ಸಂಪಾದಕರ ಉತ್ತರ:

ಮೊದಲು ಅಮ್ಮನ ಹೆಸರು ಹುಡುಕೋಣ. ಹೊಸನಗರ ತಾಲ್ಲೂಕು ಇದೆ, ಆದರೆ ಆ ಹೆಸರಿನ ವಿಧಾನಸಭಾ ಕ್ಷೇತ್ರ ಈಗಿಲ್ಲ. 2008ರಲ್ಲಿ ಗಡಿ ಬದಲಾದಾಗ ತಾಲ್ಲೂಕಿನ ಕೆಲವು ಊರು ಸಾಗರಕ್ಕೆ, ಕೆಲವು ತೀರ್ಥಹಳ್ಳಿಗೆ ಹೋದವು. ನೀವು ಎಡವಿದ್ದು ಇಲ್ಲೇ ಇರಬೇಕು.

ಕಾರ್ಡಿನ ಮೇಲಿರುವ ಎಪಿಕ್ ಸಂಖ್ಯೆಯನ್ನು ಚುನಾವಣಾ ಆಯೋಗದ ವೋಟರ್ಸ್ ಪೋರ್ಟಲ್‌ನಲ್ಲಿ ಹಾಕಿ. ಕ್ಷೇತ್ರ, ಭಾಗ ಸಂಖ್ಯೆ (ನಿಮ್ಮ ಬೂತಿನ ಪಟ್ಟಿಯ ಸಂಖ್ಯೆ), ಆ ಪಟ್ಟಿಯೊಳಗಿನ ಕ್ರಮ ಸಂಖ್ಯೆ ಎಲ್ಲ ಬರುತ್ತದೆ. ಹಳೆಯ ಚುನಾವಣೆಯ ಚೀಟಿ ನಂಬಬೇಡಿ. ಪಟ್ಟಿ ಪರಿಷ್ಕರಣೆಯಾದಾಗ, ಬೂತ್ ಒಡೆದಾಗ ಕ್ರಮ ಸಂಖ್ಯೆ ಬದಲಾಗುತ್ತದೆ. ಹೆಸರಿನಿಂದ ಹುಡುಕುವುದಾದರೆ ತಂದೆಯ ಹೆಸರು, ಗಂಡನ ಹೆಸರು ಎರಡನ್ನೂ ಹಾಕಿ ನೋಡಿ. ಮದುವೆಯಾಗಿ ಬಂದ ಎಷ್ಟೋ ಹೆಂಗಸರ ಹೆಸರು ಇನ್ನೂ ತವರಿನ ಪಟ್ಟಿಯಲ್ಲೇ ಇರುತ್ತದೆ. ಹಾಗಿದ್ದರೆ ನಮೂನೆ 8 ಕೊಟ್ಟು ವರ್ಗಾಯಿಸಿಕೊಳ್ಳಬೇಕು. ಎಲ್ಲೂ ಇಲ್ಲವೆಂದರೆ ಹೊಸದಾಗಿ ಹೆಸರು ಸೇರಿಸಲು ನಮೂನೆ 6. ನೆಟ್‌ವರ್ಕ್ ಸಿಗದ ಊರಾದರೆ ಬಿಎಲ್‌ಒ (ಬೂತ್ ಮಟ್ಟದ ಅಧಿಕಾರಿ) ಹತ್ತಿರ ಕೇಳಿ, ಇಲ್ಲವೇ ಮತದಾರರ ಸಹಾಯವಾಣಿ 1950ಕ್ಕೆ ಫೋನ್ ಮಾಡಿ. ಕಾರ್ಡ್ ಕೈಯಲ್ಲಿದ್ದರೂ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ವೋಟು ಹಾಕಲು ಆಗುವುದಿಲ್ಲ. ಹೆಸರಿದ್ದು ಕಾರ್ಡ್ ಕಳೆದಿದ್ದರೆ, ಆಯೋಗ ಒಪ್ಪಿದ ಬೇರೆ ಗುರುತಿನ ಚೀಟಿ ನಡೆಯುತ್ತದೆ.

ಇನ್ನು ಎರಡನೆಯ ಪ್ರಶ್ನೆ. ಪಟ್ಟಿ ಎಲ್ಲರಿಗೂ ಕಾಣುವಂತೆ ಇರಲೇಬೇಕು ಎಂಬುದು ನನ್ನ ಗಟ್ಟಿ ನಂಬಿಕೆ. ಮುಚ್ಚಿಟ್ಟ ಪಟ್ಟಿಯ ತಪ್ಪು ಹಿಡಿಯುವವರು ಯಾರು? ಕಳೆದ ಮಳೆಗಾಲದಲ್ಲಿ ತೀರಿಕೊಂಡ ಅಜ್ಜ ಯಾರು, ಸೊರಬಕ್ಕೆ ಮದುವೆಯಾಗಿ ಹೋದ ಹುಡುಗಿ ಯಾರು, ಬೆಂಗಳೂರಿನಲ್ಲೂ ಊರಲ್ಲೂ ಹೆಸರಿಟ್ಟುಕೊಂಡವರು ಯಾರು, ಇದೆಲ್ಲ ಕಂಪ್ಯೂಟರಿಗೆ ಗೊತ್ತಿಲ್ಲ. ಪಕ್ಕದ ಮನೆಯವರಿಗೆ ಗೊತ್ತು. ನಮ್ಮ ಕಡೆ ಒಂದು ಮನೆಯಿಂದ ಇನ್ನೊಂದಕ್ಕೆ ಹಳ್ಳ ದಾಟಿ, ತೋಟ ಇಳಿದು ಹೋಗಬೇಕು. ಬಿಎಲ್‌ಒ ಎಷ್ಟೇ ಓಡಾಡಿದರೂ ಒಂದೆರಡು ಮನೆ ತಪ್ಪಿಹೋಗುತ್ತವೆ.

ಹಾಗಾಗಿ ಅಮ್ಮನ ಹೆಸರು ಸಿಕ್ಕ ತಕ್ಷಣ ಪಟ್ಟಿ ಮುಚ್ಚಬೇಡಿ. ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲಿ ಭಾಗವಾರು ಪಟ್ಟಿ ಇದೆ. ನಿಮ್ಮ ಬೂತಿನದನ್ನು ಇಳಿಸಿಕೊಂಡು ಪೂರ್ತಿ ಓದಿ. ಮನೆ ದಾಟಲಾಗದ ವಯಸ್ಸಾದವರು, ತೋಟದ ಲೈನ್ ಮನೆಗಳಲ್ಲಿರುವ ಕೂಲಿಯವರು, ಈಗಷ್ಟೇ 18 ತುಂಬಿದ ಮಕ್ಕಳು ಇದ್ದಾರಾ ನೋಡಿ. 18 ತುಂಬಿದೆಯೇ ಎಂದು ಲೆಕ್ಕ ಹಾಕಲು ಈಗ ವರ್ಷಕ್ಕೆ ನಾಲ್ಕು ಅರ್ಹತಾ ದಿನಗಳಿವೆ: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ 1ನೇ ತಾರೀಕು. 18 ತುಂಬಿದವರು ಮುಂದಿನ ಜನವರಿವರೆಗೆ ಸುಮ್ನೆ ಕಾಯಬೇಕಿಲ್ಲ.

ನಿಮ್ಮ ಅಂಜಿಕೆಯೂ ಸುಳ್ಳಲ್ಲ. ಪಟ್ಟಿಯಲ್ಲಿ ಹೆಸರು, ತಂದೆ ಅಥವಾ ಗಂಡನ ಹೆಸರು, ಮನೆ ಸಂಖ್ಯೆ, ವಯಸ್ಸು, ಲಿಂಗ, ಎಪಿಕ್ ಸಂಖ್ಯೆ ಇರುತ್ತವೆ. ಫೋನ್ ನಂಬರ್, ಆಧಾರ್ ಇರುವುದಿಲ್ಲ. ಜಾಲತಾಣದ ಪ್ರತಿಯಲ್ಲಿ ಫೋಟೋ ಕೂಡ ಇಲ್ಲ. ಆದರೂ ಇದನ್ನು ಗುಡ್ಡೆಹಾಕಿ ಜಾತಿ ಲೆಕ್ಕಕ್ಕೋ ವ್ಯಾಪಾರಕ್ಕೋ ಬಳಸುವುದನ್ನು ನಾನು ಒಪ್ಪುವುದಿಲ್ಲ. ಪಟ್ಟಿ ತೆರೆದಿಟ್ಟಿರುವುದು ತಪ್ಪು ತಿದ್ದಲಿಕ್ಕೆ.

ತಿದ್ದುವ ಹೆಸರಿನಲ್ಲಿ ಕಿರುಕುಳ ಕೊಡುವವರೂ ಇದ್ದಾರೆ. ಬೇರೆಯವರ ಹೆಸರು ತೆಗೆಸಲು ನಮೂನೆ 7 ಇದೆ. ಅದರಲ್ಲಿ ಸುಳ್ಳು ಬರೆದರೆ 1950ರ ಪ್ರಜಾಪ್ರತಿನಿಧಿ ಕಾಯ್ದೆಯಂತೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಅಥವಾ ಎರಡೂ ಆಗಬಹುದು. ಅಮ್ಮನ ಹೆಸರನ್ನೇ ಯಾರಾದರೂ ತೆಗೆಸಿದ್ದರೆ, ಆದೇಶವಾದ 15 ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ ಕೊಡಿ. ಅಲ್ಲೂ ಆಗದಿದ್ದರೆ 30 ದಿನದೊಳಗೆ ಮುಖ್ಯ ಚುನಾವಣಾಧಿಕಾರಿಗೆ ಕೊಡಬಹುದು. ನಾಮಪತ್ರ ಸಲ್ಲಿಸುವ ಕೊನೆಯ ದಿನ ಕಳೆದ ಮೇಲೆ ಆ ಚುನಾವಣೆಗೆ ಪಟ್ಟಿ ಬದಲಾಗುವುದಿಲ್ಲ. ಅಡಿಕೆ ಕೊಯ್ಲು ಮುಗಿಯಲಿ ಅಂತ ಮುಂದಕ್ಕೆ ಹಾಕಬೇಡಿ, ಈ ವಾರವೇ ನೋಡಿ.